ಬಾಡಿದರೆ ಹೇಳ್ತೀನಿ ಸರ್

ಒಣಗಿದ ಗಿಡಗಳನ್ನು ಕಾಗದಕ್ಕೆ ಅಂಟಿಸುವುದೂ ಒಂದು ಕೆಲಸವಾ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಗೋಂದಕ್ಕ ಬಿಟ್ಟು ಬಹಳ ವರ್ಷಗಳಾಗಿದ್ದವು. ಸಸ್ಯ ಸಂಸ್ಥೆಯ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಉದ್ದನೆಯ ಕೋಣೆಯಲ್ಲಿ, ಎಪ್ಪತ್ತು ಕಬ್ಬಿಣದ ಕಪಾಟುಗಳ ನಡುವೆ ಅವಳ ಮೇಜು. ಅದರ ಮೇಲೆ ಗೋಂದಿನ ಡಬ್ಬಿ, ಅಗಲವಾದ ಬ್ರಷ್ಷು, ಸೂಜಿ, ಬಿಳಿ ದಾರ, ಭಾರಕ್ಕೆಂದು ಮರಳು ತುಂಬಿದ ಪುಟ್ಟ ಬಟ್ಟೆಚೀಲಗಳು. ಯಾರೋ ಎಲ್ಲೋ ಕಿತ್ತು, ಕಾಗದದ ನಡುವೆ ಒಣಗಿಸಿ ಕಳಿಸಿದ ಗಿಡಗಳನ್ನು ಅವಳು ದಪ್ಪ ಹಾಳೆಗೆ ಅಂಟಿಸಬೇಕು. ಕಾಂಡ ಗಟ್ಟಿಯಾಗಿದ್ದರೆ ದಾರದಲ್ಲಿ ಹೊಲಿಯಬೇಕು. ಮೂಲೆಯಲ್ಲಿ ಗಿಡದ ಶಾಸ್ತ್ರೀಯ ಹೆಸರನ್ನು, ಕಿತ್ತವರ ಹೆಸರನ್ನು ದುಂಡಗೆ ಬರೆದು ಕಪಾಟಿನ ಎಳೆಯುವ ತಟ್ಟೆಗೆ ಸೇರಿಸಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಇಪ್ಪತ್ತೆರಡು ವರ್ಷದಿಂದಲೂ ಅವಳು ಟೆಂಪರರಿ. ಮೇಲಿನ ಮಹಡಿಯಲ್ಲಿ ಐದು ಜನ ನಿರ್ದೇಶಕರು ಬಂದು ಹೋಗಿದ್ದರು. ಅವರೆಲ್ಲ ಪರ್ಮನೆಂಟು.

ಟೆಂಪರರಿಯವರಿಗೆ ಐವತ್ತು ತುಂಬಿದರೆ ಮನೆಗೆ ಕಳಿಸಬೇಕು ಎಂಬುದು ಸಂಸ್ಥೆಯ ನಿಯಮ. ಗೋಂದಕ್ಕನಿಗೆ ನಲವತ್ತೊಂಬತ್ತು. ಈ ವರ್ಷ, ದೇವರು ಕಣ್ಣು ಬಿಟ್ಟನೋ ಯಾವ ಗುಮಾಸ್ತ ಕಣ್ಣು ಬಿಟ್ಟನೋ, ಈ ಒಣಗಿಡಗಳ ಭಂಡಾರಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಯಿತು. ಜೊತೆಗೆ ಪರೀಕ್ಷೆಯೂ ಬಂತು. ಅಭ್ಯರ್ಥಿ ಬೆಟ್ಟಕ್ಕೆ ಹೋಗಿ, ಅಲ್ಲಿ ಬೆಳೆದು ನಿಂತ ಹತ್ತು ಗಿಡಗಳನ್ನು ನೋಡಿ ಹೆಸರು ಹೇಳಬೇಕು. ಏಳು ಸರಿಯಾದರೆ ಪಾಸು. ನೆಲಮಾಳಿಗೆಯಲ್ಲಿ ಕೂರುವ ಕೆಲಸಕ್ಕೆ ಬೆಟ್ಟದ ಮೇಲೆ ಪರೀಕ್ಷೆ ಯಾಕೆ ಎಂದು ಕೇಳುವಂತಿರಲಿಲ್ಲ. ನಿಯಮ ಬರೆದವರು ಬೆಟ್ಟವನ್ನೂ ನೋಡಿರಲಿಲ್ಲ, ನೆಲಮಾಳಿಗೆಯನ್ನೂ ನೋಡಿರಲಿಲ್ಲ.

"ನಿನಗೆ ಗೊತ್ತಿಲ್ಲದ ಗಿಡ ಯಾವುದಾದ್ರೂ ಇದೆಯೇನೇ?" ಎಂದು ಶನಿವಾರ ಬೆಳಿಗ್ಗೆ ಡಬ್ಬಿ ಕಟ್ಟುತ್ತಿದ್ದವಳನ್ನು ಗಂಡ ಕೇಳಿದ. ಗಡಿಯಾರ ರಿಪೇರಿಯವನು, ಒಂದು ಕಣ್ಣಿಗೆ ಸದಾ ಭೂತಗನ್ನಡಿ.

"ನಾನು ಅಂಟಿಸದೇ ಇರೋ ಗಿಡ ಆ ಬೆಟ್ಟದಲ್ಲಿ ಒಂದೂ ಇಲ್ಲ."

"ಮತ್ತೆ ಭಯ ಯಾಕೆ? ಹೋಗಿ ಬಾ."

ಭಯವಿರಲಿಲ್ಲ. ಅದೇ ಅವಳು ಮಾಡಿದ ತಪ್ಪು.

ಸಂಸ್ಥೆಯ ವ್ಯಾನು ಮೂವರನ್ನು ಬೆಟ್ಟದ ಬುಡದಲ್ಲಿ ಇಳಿಸಿತು. ಪರೀಕ್ಷಕರು ಸ್ವತಃ ನಿರ್ದೇಶಕರು. ಎಂಟು ತಿಂಗಳಲ್ಲಿ ನಿವೃತ್ತರಾಗಲಿದ್ದವರು, ಕೈಯಲ್ಲಿ ತುದಿಗೆ ಹಿತ್ತಾಳೆ ಬಡಿದ ಕೋಲು. ಇನ್ನೊಬ್ಬ ಅಭ್ಯರ್ಥಿ ಆಗಷ್ಟೇ ಪದವಿ ಮುಗಿಸಿ ಬಂದ ಯುವಕ. ಕತ್ತಿಗೆ ಕ್ಯಾಮೆರಾ, ತಲೆಯ ತುಂಬ ಪುಸ್ತಕದ ಬಣ್ಣದ ಚಿತ್ರಗಳು. ಒಳ್ಳೆಯವನೇ. ಗಿಡ ಒತ್ತಿ ಒಣಗಿಸುವ ಮರದ ಪ್ರೆಸ್ಸನ್ನು ಗೋಂದಕ್ಕ ಬೆನ್ನಿಗೇರಿಸಿಕೊಂಡಾಗ, "ಕೊಡಿ ಅಕ್ಕ, ನಾನು ಹೊರ್ತೀನಿ" ಎಂದ. ಅಭ್ಯಾಸವಿದೆ ಎಂದು ಅವಳು ಸುಳ್ಳು ಹೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಯಾರೂ ಒಂದು ದಿನವೂ ಬೆಟ್ಟಕ್ಕೆ ಕರೆದುಕೊಂಡು ಹೋಗಿರಲಿಲ್ಲ.

ಬೆಟ್ಟವೆಂದರೆ ಬರೀ ಕಲ್ಲು. ಯಾರೋ ಮನೆ ಬದಲಾಯಿಸುವಾಗ ಇಳಿಸಿಟ್ಟು ಮರೆತು ಹೋದ ಸಾಮಾನಿನ ಹಾಗೆ ಕಲ್ಲುಗುಂಡುಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಒಂದರ ಮೇಲೊಂದು ಕೂತವು, ಬೀಳುವ ಹಾಗೆ ವಾಲಿಯೂ ಬೀಳದವು, ನಡುವೆ ಸೀಳಿ ದಾರಿ ಬಿಟ್ಟವು. ಅವುಗಳ ನಡುವೆ ಅಂಗಳದಷ್ಟು ಅಗಲದ ಹಾಸುಬಂಡೆಗಳು. ಬಂಡೆಯ ತಗ್ಗುಗಳಲ್ಲಿ ಮಳೆ ತಂದಿಟ್ಟ ಒಂದು ಹಿಡಿ ಮಣ್ಣು, ಆ ಒಂದು ಹಿಡಿ ಮಣ್ಣಿನಲ್ಲಿ ನೂರು ಹೂ. ಹಳದಿ, ನೀಲಿ, ಕೆನ್ನೀಲಿ, ಹೆಸರೇ ಇಲ್ಲದ ಒಂದು ಕೆಂಪು. ಗೋಂದಕ್ಕ ನಿಂತುಬಿಟ್ಟಳು. ಇಷ್ಟೊಂದು ಬಣ್ಣ ಇವಕ್ಕೆಲ್ಲ ಇದ್ದೀತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಕಪಾಟುಗಳಲ್ಲಿ ಎಲ್ಲ ಹೂಗಳದ್ದೂ ಒಂದೇ ಬಣ್ಣ, ಚಹಾ ಸೋಸಿ ಸೋಸಿ ಹಳತಾದ ಬಟ್ಟೆಯ ಬಣ್ಣ. ಸಂತೋಷಕ್ಕೆ ಒಂದೊಂದೇ ತಗ್ಗಿಗೆ ಬಗ್ಗಿ ನೋಡಿದಳು. ಅಲ್ಲಿ ಅವಳಿಗೆ ಪರಿಚಯದ ಮುಖ ಒಂದೂ ಕಾಣುತ್ತಿರಲಿಲ್ಲ.

"ಮೊದಲನೇದು." ನಿರ್ದೇಶಕರು ಕೋಲಿನ ತುದಿಯಿಂದ ಒಂದು ನೀಲಿ ಹೂವನ್ನು ಮುಟ್ಟಿದರು.

ಪದವೀಧರ ತನ್ನ ಕಾಗದದಲ್ಲಿ ಸರಸರ ಬರೆದ. ಗೋಂದಕ್ಕ ಬಗ್ಗಿದಳು, ಕೂತಳು, ಬಂಡೆಯ ಮೇಲೆ ಹೆಚ್ಚುಕಡಿಮೆ ಮಲಗಿದಳು. ಹೂವು ಗಾಳಿಗೆ ತಲೆ ಅಲ್ಲಾಡಿಸಿತು. ಅವಳ ಹೂವುಗಳು ಯಾವತ್ತೂ ಅಲ್ಲಾಡಿದ್ದಿಲ್ಲ.

"ಗೊತ್ತಾಗ್ತಿಲ್ಲ ಸರ್."

"ಎರಡನೇದು?"

"ಇದು... ಇದರ ಎಸಳು ಹೀಗೆ ನಿಂತ್ಕೊಂಡಿದೆಯಲ್ಲ ಸರ್, ಇದು ಚಪ್ಪಟೆ ಮಲಗಿದ್ರೆ ಹೇಳಬಹುದಿತ್ತು."

"ಗಿಡ ಮಲಗಲ್ಲಮ್ಮ. ಮೂರನೇದು?"

"ಬಾಡಿದರೆ ಹೇಳ್ತೀನಿ ಸರ್."

ನಿರ್ದೇಶಕರು ಕೆಟ್ಟವರಲ್ಲ, ಆದರೆ ನಗು ತಡೆಯುವ ಅಭ್ಯಾಸ ಅವರಿಗಿರಲಿಲ್ಲ. ಅವರ ನಗು ಗುಂಡಿನಿಂದ ಗುಂಡಿಗೆ ಬಡಿದು ಎರಡು ಸಲ ವಾಪಸು ಬಂತು. ಗೋಂದಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೆಳಗಿದ್ದದ್ದು ಬಂಡೆ, ಅದು ಬಾಯಿ ಬಿಡುವ ಜಾತಿಯದಲ್ಲ.

ಹೀಗೆ ಹತ್ತು ಗುಂಡು ಹತ್ತಿ ಇಳಿದು ಹತ್ತು ಗಿಡಗಳಾದವು. ಪದವೀಧರನಿಗೆ ಹತ್ತಕ್ಕೆ ಹತ್ತು. ಗೋಂದಕ್ಕನಿಗೆ ಎರಡು: ನೆರಳಿನ ಸಂದಿಯಲ್ಲಿದ್ದ ಒಂದು ಜರಿಗಿಡ, ಆಗಲೇ ಬಿಸಿಲಿಗೆ ಒಣಗಿ ಹೋಗಿದ್ದ ಒಂದು ಹುಲ್ಲು. ಒಂದೊಂದು ಗಿಡವನ್ನೂ ನಿರ್ದೇಶಕರು ಬೇರುಸಮೇತ ಕಿತ್ತು, ಸಂಖ್ಯೆಯ ಚೀಟಿ ಕಟ್ಟಿ ಕಾಗದದಲ್ಲಿ ಸುತ್ತಿಕೊಂಡರು.

"ಪರೀಕ್ಷೆ ಮುಗೀತು. ಈಗ ಒಂದು ತೋರಿಸ್ತೀನಿ ಬನ್ನಿ" ಎಂದು ಅವರು ತುದಿಯ ಎರಡು ದೊಡ್ಡ ಗುಂಡುಗಳ ಸಂದಿಗೆ ಕರೆದುಕೊಂಡು ಹೋದರು. ಒಬ್ಬರೇ ನುಸುಳುವಷ್ಟು ಜಾಗ. ಒಳಗೆ ನೀರು ಜಿನುಗುವ ಕಲ್ಲಿನ ಮೇಲೆ, ಬೆರಳುದ್ದದ ಗಿಡಗಳು ತಲೆಕೆಳಗಾಗಿ ತೂಗುತ್ತಿದ್ದವು. ತೆಳು ಗುಲಾಬಿ ಹೂ, ಒಳಗೊಂದು ಕಪ್ಪು ಚುಕ್ಕೆ.

ನಿರ್ದೇಶಕರ ದನಿ ಮೆತ್ತಗಾಯಿತು. "ಏಳು ವರ್ಷ ಇದರ ಹಿಂದೆ ಬಿದ್ದಿದ್ದೀನಿ. ಜಗತ್ತಿನಲ್ಲಿ ಇದನ್ನ ಇದುವರೆಗೆ ಯಾರೂ ದಾಖಲು ಮಾಡಿಲ್ಲ. ಲೇಖನ ಮುಂದಿನ ತಿಂಗಳು ಅಚ್ಚಾಗುತ್ತೆ. ಗಿಡ ನನ್ನ ಹೆಸರಲ್ಲೇ ಇರುತ್ತೆ." ಒಂದು ಗಿಡವನ್ನು ಮಗುವಿನ ಹಲ್ಲು ಕೀಳುವ ಹಾಗೆ ಮೆಲ್ಲಗೆ ಕಿತ್ತರು. "ಇದರ ಹಾಳೆ ನೀವೇ ಮಾಡಿಕೊಡಿ ಅಮ್ಮ. ನಿಮ್ಮ ಕೊನೇ ಕೆಲಸ, ಅದು ಚೆನ್ನಾಗಿರಲಿ."

"ತುಂಬ ಚೆನ್ನಾಗಿದೆ ಸರ್" ಎಂದಳು ಗೋಂದಕ್ಕ. ಹೂವು ಚೆನ್ನಾಗಿತ್ತು. 'ಕೊನೇ ಕೆಲಸ' ಎಂಬುದಷ್ಟೇ ಎದೆಯಲ್ಲಿ ಚುಚ್ಚಿಕೊಂಡು ನಿಂತಿತು.

ಊಟಕ್ಕೆ ಗುಂಡಿನ ನೆರಳಲ್ಲಿ ಕೂತರು. ಗೋಂದಕ್ಕನಿಗೆ ತುತ್ತು ಇಳಿಯಲಿಲ್ಲ. ಆ ಕೋಣೆ ಬಿಟ್ಟು ಅವಳಿಗೆ ಬೇರೆ ಏನೂ ಬರುತ್ತಿರಲಿಲ್ಲ. ಮನೆಯಲ್ಲಿ ಕೂತರೆ ಗಂಡನೇನು ಹೊರಗೆ ಹಾಕುವುದಿಲ್ಲ, ಆದರೆ ಬೆಳಿಗ್ಗೆ ಒಂಬತ್ತಕ್ಕೆ ಕೈಗಳು ಏನು ಮಾಡಬೇಕು? ಅಳು ಬಂತು. ಅಳುವುದಾದರೆ ಪದವೀಧರನ ಎದುರೇ ಅಳಬೇಕಿತ್ತು, ಹಾಗಾಗಿ ಅಳಲಿಲ್ಲ. ನಿರ್ದೇಶಕರು ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಹಾಗೇ ನಿದ್ದೆ ಹೋದರು. ಅವರ ಕಾಗದದ ಪೊಟ್ಟಣ ಪಕ್ಕದ ಬಂಡೆಯ ಮೇಲೆ, ಬಿಸಿಲಲ್ಲಿ, ಬಾಯಿ ತೆರೆದು ಬಿದ್ದಿತ್ತು. ಎರಡು ಗಂಟೆಯಲ್ಲಿ ಕಾದ ಕಲ್ಲು ತನ್ನ ಕೆಲಸ ಮುಗಿಸಿತು.

ಬಾಡಿದ ಗಿಡ ನೋಡಿ ಸುಮ್ಮನಿರುವುದು ಅವಳಿಂದಾಗದು. ಪ್ರೆಸ್ಸಿನ ಬೆಲ್ಟು ಬಿಚ್ಚಿ, ಬ್ಲಾಟಿಂಗ್ ಪೇಪರ್ ಹರಡಿ, ಒಂದೊಂದೇ ಗಿಡ ತೆಗೆದು ಮಲಗಿಸತೊಡಗಿದಳು. ಕೈಗೆ ಕೆಲಸ ಸಿಕ್ಕಿದ್ದೇ ತಡ, ಬಾಯಿ ತನ್ನಷ್ಟಕ್ಕೆ ಶುರುವಾಯಿತು. ಮೂವತ್ತೊಂದನೇ ಕಪಾಟು, ಮೇಲಿನ ತಟ್ಟೆ. ಹೆಸರು. ಎಸಳು ಕಾಗದಕ್ಕೆ ಕಲೆ ಹಾಕುತ್ತೆ. ಹನ್ನೆರಡನೇ ಕಪಾಟು, ಎರಡನೇ ತಟ್ಟೆ. ಹೆಸರು. ಮೊಂಡು, ಮಲಗಲ್ಲ, ಎರಡು ಚೀಲ ಮರಳು ಬೇಕು. ಅರವತ್ತು, ಕೆಳಗಿನಿಂದ ಮೂರು...

ಪದವೀಧರ ಕ್ಯಾಮೆರಾ ಒರೆಸುವುದನ್ನು ನಿಲ್ಲಿಸಿದ. ತನ್ನ ಕಾಗದ ತೆಗೆದು ನೋಡಿದ. "ಅಕ್ಕ, ಇದು ಪರೀಕ್ಷೆಯ ಒಂದನೇದು. ಬೆಳಿಗ್ಗೆ ಗೊತ್ತಿಲ್ಲ ಅಂದ್ರಿ."

"ಬೆಳಿಗ್ಗೆ ಅದು ಬದುಕಿತ್ತಲ್ಲ."

ಅವನು ಓಡಿಹೋಗಿ ನಿರ್ದೇಶಕರನ್ನು ಎಬ್ಬಿಸಿದ. ತನ್ನ ಕೆಲಸವನ್ನು ತಾನೇ ಕಳೆದುಕೊಳ್ಳುತ್ತಿದ್ದೇನೆ ಎಂಬುದು ಅವನಿಗೆ ಹೊಳೆದಂತಿರಲಿಲ್ಲ. ಹೊಳೆದಿದ್ದರೂ ತಮಾಷೆ ನೋಡುವ ಆಸೆ ಅದಕ್ಕಿಂತ ದೊಡ್ಡದಿತ್ತು. ನಿರ್ದೇಶಕರು ಕಣ್ಣುಜ್ಜಿಕೊಳ್ಳುತ್ತ ಬಂದು ನಿಂತರು. ಗೋಂದಕ್ಕ ತಲೆ ಎತ್ತಲಿಲ್ಲ. ಎರಡು, ಮೂರು, ನಾಲ್ಕು, ಐದು. ಹೆಸರು, ಕಪಾಟು, ತಟ್ಟೆ. ಆರನೆಯದಕ್ಕೆ ಬೇರೆ ಹೆಸರು ಹೇಳಿದಳು.

"ಅದು ತಪ್ಪು. ಇವನು ಬರೆದಿರೋದೇ ಸರಿ" ಎಂದರು ನಿರ್ದೇಶಕರು.

"ಇದು ಅದಲ್ಲ ಸರ್, ಅದರ ಅಕ್ಕ. ಇವರು ಬರೆದಿರೋದಕ್ಕೆ ತೊಟ್ಟಿನ ಹತ್ತಿರ ರೋಮ ಇರುತ್ತೆ, ಗೋಂದು ಹಿಡಿಯಲ್ಲ. ಇದು ನುಣುಪು, ಒಂದೇ ಸಲಕ್ಕೆ ಕೂರುತ್ತೆ."

ನಿರ್ದೇಶಕರು ಜೇಬಿನಿಂದ ಮಸೂರ ತೆಗೆದು ತೊಟ್ಟು ನೋಡಿದರು. ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿದರು. ರೋಮ ಇರಲಿಲ್ಲ. "ಸರಿಯಾಗಿದೆ" ಎಂದರು, ಕಷ್ಟಪಟ್ಟು. ಪದವೀಧರ ಚಪ್ಪಾಳೆ ತಟ್ಟಿದ. ಹತ್ತು ಮುಗಿಯುವಷ್ಟರಲ್ಲಿ ಬೆಳಗಿನ ನಗುವಿನ ಜಾಗದಲ್ಲಿ ಒಂದು ಮರ್ಯಾದೆ ಬಂದು ಕೂತಿತ್ತು. "ಭಂಡಾರಕ್ಕೆ ಬೇಕಾದ್ದು ಇದೇ ಅಲ್ವಾ. ನಿಯಮದಲ್ಲಿ ಹಸೀದೋ ಒಣಗಿದ್ದೋ ಅಂತ ಎಲ್ಲೂ ಬರೆದಿಲ್ಲ. ಹತ್ತಕ್ಕೆ ಹತ್ತು ಕೊಡ್ತೀನಿ ಅಮ್ಮ" ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು.

ಆ ಕ್ಷಣದಲ್ಲಿ ಗೋಂದಕ್ಕ ಕೈಕಟ್ಟಿ ಕೂತಿದ್ದರೆ ಕತೆ ಅಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಪೊಟ್ಟಣದಲ್ಲಿ ಇನ್ನೂ ಒಂದು ಗಿಡ ಉಳಿದಿತ್ತು, ಅವಳ ಕೈ ಖಾಲಿ ಇತ್ತು. ತೆಗೆದು ಮಲಗಿಸಿದಳು. ಗುಲಾಬಿ ಹೋಗಿ ಕಂದಾಗಿತ್ತು. ಕಪ್ಪು ಚುಕ್ಕೆ ಹರಡಿ ಎಸಳಿನ ನರಗಳು ಎದ್ದಿದ್ದವು. ಬಾಯಿ ಅದೇ ಓಟದಲ್ಲಿ ಓಡಿತು. "ನಲವತ್ಮೂರನೇ ಕಪಾಟು, ಕೆಳಗಿನ ತಟ್ಟೆ..." ಮತ್ತು ಪೂರ್ತಿ ಹೆಸರು.

ಹೇಳಿ ನಾಲಿಗೆ ಕಚ್ಚಿಕೊಂಡಳು. ಪೆನ್ನು ಕಾಗದದ ಮೇಲೆ ನಿಂತಿತ್ತು.

"ಏನಂದ್ರಿ?"

ಈಗ ಎಲ್ಲವೂ ಅವಳಿಗೆ ಸ್ಪಷ್ಟವಾಗಿ ಕಂಡಿತು. ಒಂದು ಗಿಡಕ್ಕೆ ಮೊದಲು ಅಚ್ಚಾದ ಹೆಸರೇ ಹೆಸರು, ಆಮೇಲೆ ಇಟ್ಟದ್ದೆಲ್ಲ ಕಸದ ಬುಟ್ಟಿಗೆ. ಏಳು ವರ್ಷ, ಮುಂದಿನ ತಿಂಗಳ ಲೇಖನ, ಅವರ ಹೆಸರು, ಎಲ್ಲ ಆ ಬುಟ್ಟಿಗೇ. ಅವಳ ಮಾತನ್ನು ಬೆಳಿಗ್ಗೆಯಾಗಿದ್ದರೆ ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟಮೇಲೆ ಹನ್ನೊಂದನೆಯದನ್ನು ನಂಬದೆ ವಿಧಿಯಿಲ್ಲ.

ಪದವೀಧರ ಒಳ್ಳೆಯ ಮನಸ್ಸಿನಿಂದಲೇ ದಾರಿ ತೋರಿಸಿದ. "ಅಕ್ಕ, ಬಾಡಿದ ಮೇಲೆ ಒಂದರ ಹಾಗೇ ಇನ್ನೊಂದು ಕಾಣಬಹುದಲ್ವಾ? ಇದೊಂದು ತಪ್ಪಿರಬಹುದು."

ತಪ್ಪಿರಬಹುದು ಎಂದರೆ ಸಾಕಿತ್ತು. ಕೆಲಸ ಅವಳದು. ಅವಳಿಗೆ ಆ ಕೆಲಸ ಬೇಕಿತ್ತು, ಉಸಿರು ಬೇಕಾದಷ್ಟೇ ಬೇಕಿತ್ತು. ಮಾತು ಗಂಟಲವರೆಗೂ ಬಂತು. ಆದರೆ ಆ ಹಾಳೆ ಅವಳ ಕಣ್ಣೆದುರು ಬಂದು ನಿಂತಿತ್ತು. ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹಳೇ ಗಂಟೊಂದರಲ್ಲಿ ಬಂದ ಗಿಡ. ಯಾವ ಕಾಲದಲ್ಲೋ ಒಬ್ಬ ಶಾಲಾ ಮೇಷ್ಟ್ರು ಕಿತ್ತು, ಬೆಟ್ಟದಲ್ಲಿ ಅದನ್ನು ತೋರಿಸಿಕೊಟ್ಟ ಶಾಲೆಯ ಅಡುಗೆಯಾಕೆಯ ಹೆಸರನ್ನೇ ಇಟ್ಟು, ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚೂ ಹಾಕಿಸಿದ್ದರು. ಆ ಚೂರು ಕಾಗದವನ್ನು ಹಾಳೆಯ ಹಿಂದೆ ಅಂಟಿಸಿದವಳೂ ಅವಳೇ. ಕಾಂಡ ಮೂರು ಕಡೆ ಮುರಿದಿತ್ತು. ಇಡೀ ಮಧ್ಯಾಹ್ನ ಕೂತು ಸೇರಿಸಿದ್ದಳು. ಹೂವನ್ನು ಅಲ್ಲವೆನ್ನಬಹುದಿತ್ತು. ತನ್ನ ಹೊಲಿಗೆಯನ್ನು ಅಲ್ಲವೆನ್ನಲು ಬಾಯಿ ಬರಲಿಲ್ಲ.

"ಇಲ್ಲ ಸರ್. ಆ ಹಾಳೆ ನಾನೇ ಹೊಲಿದದ್ದು. ಏಳು ಹೊಲಿಗೆ ಇದೆ."

ನಿರ್ದೇಶಕರು ಪೆನ್ನನ್ನು ಕಾಗದದಿಂದ ಎತ್ತಿದರು. ಗೋಂದಕ್ಕ ತನ್ನ ಕೆಲಸ ಹೋಯಿತೆಂದೇ ಬಗೆದು ಪ್ರೆಸ್ಸಿನ ಬೆಲ್ಟು ಬಿಗಿದಳು. ಆಮೇಲೆ ಅವರು ಕಾಗದದಲ್ಲಿ ಹತ್ತು ಎಂದು ಬರೆದು, ಕೆಳಗೆ ಸಹಿ ಹಾಕಿ, ತುಂಬ ಮರ್ಯಾದೆಯಿಂದ ಕೇಳಿದರು. "ಯಾವ ಕಪಾಟು ಅಂದ್ರಿ ಅಮ್ಮ?"

"ನಲವತ್ಮೂರು. ಕೆಳಗಿನ ತಟ್ಟೆ ಸರ್."

ಅವರು ಅದನ್ನೂ ಬರೆದುಕೊಂಡರು. ಇಳಿಯುವಾಗ ಜಾರುಬಂಡೆಯ ಹತ್ತಿರ ಅವಳಿಗೆ ಕೈಯನ್ನೂ ಕೊಟ್ಟರು. ಪದವೀಧರ ಸೋತದ್ದಕ್ಕೆ ಬೇಜಾರಾಗದೆ ದಾರಿಯುದ್ದಕ್ಕೂ ಬಾಡಿದ ಹೂಗಳ ಫೋಟೋ ತೆಗೆದ.

"ಎಂಥಾ ದೊಡ್ಡ ಮನಸ್ಸು ಅಂತೀರಿ" ಎಂದು ಮನೆಯಲ್ಲಿ ಎಷ್ಟು ಹೇಳಿದರೂ ಅವಳಿಗೆ ಸಾಕಾಗಲಿಲ್ಲ. "ತಮ್ಮ ಏಳು ವರ್ಷ ನೀರಲ್ಲಿ ಹೋದರೂ ನನಗೆ ಹತ್ತು ಬರೆದ್ರು."

ಗಂಡ ಭೂತಗನ್ನಡಿ ತೆಗೆದು ಅವಳನ್ನು ನೋಡಿದ. "ಕಪಾಟಿನ ನಂಬರ್ ಯಾಕೆ ಕೇಳಿದ್ರಂತೆ?"

"ನೋಡಬೇಡವೇ ಮತ್ತೆ? ವಿಜ್ಞಾನಿ ಅಲ್ವಾ ಅವರು."

"ಹೂಂ" ಎಂದು ಅವನು ಭೂತಗನ್ನಡಿ ಮತ್ತೆ ಹಾಕಿಕೊಂಡ. ಅವಳಿಗೆ ಆ 'ಹೂಂ' ಇಷ್ಟವಾಗಲಿಲ್ಲ. ಭಾನುವಾರ ಇಡೀ ದಿನ ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಸೋಮವಾರ ಒಂಬತ್ತಕ್ಕೆ ಕೋಣೆಯ ದೀಪ ಹಾಕಿದರೆ, ಮೇಜಿನ ಮೇಲೆ ಲಕೋಟೆ. ಒಳಗೆ ಕಾಯಂ ನೇಮಕದ ಆದೇಶ. ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುವ ಕಾಗದ ಎರಡು ರಾತ್ರಿಯಲ್ಲಿ ತಯಾರಾಗಿತ್ತು. ಗೋಂದಕ್ಕ ಅದನ್ನು ಎರಡು ಸಲ ಓದಿದಳು, ಮೂರನೇ ಸಲ ನಿಂತುಕೊಂಡು ಓದಿದಳು. ಕಣ್ಣು ತುಂಬಿತು. ಯಾರೂ ಇಲ್ಲದ್ದರಿಂದ ಈ ಸಲ ಅಳುವುದಕ್ಕೂ ಅಡ್ಡಿಯಿರಲಿಲ್ಲ, ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ತನ್ನ ಏಳು ಹೊಲಿಗೆಯನ್ನು ಒಮ್ಮೆ ನೋಡಿ ಬರೋಣವೆಂದು ನಲವತ್ಮೂರನೇ ಕಪಾಟು ತೆಗೆದಳು.

ಕೆಳಗಿನ ತಟ್ಟೆಯಲ್ಲಿ ಆ ಹಾಳೆಯ ಹಿಂದಿನದು ಇತ್ತು, ಮುಂದಿನದು ಇತ್ತು.

ಅವಳು ತಟ್ಟೆ ಪೂರ್ತಿ ಹೊರಗೆಳೆದಳು. ಒಂದೊಂದೇ ಹಾಳೆ ತಿರುವಿದಳು. ನೆಲದ ಮೇಲೆ ಕೂತು ಇನ್ನೊಮ್ಮೆ ತಿರುವಿದಳು. ಬಾಗಿಲಲ್ಲಿ ಕೆಮ್ಮಿನ ಸದ್ದಾಯಿತು. ನಿರ್ದೇಶಕರು. ಅವರು ನೆಲಮಾಳಿಗೆಗೆ ಇಳಿದದ್ದನ್ನು ಅವಳು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ, ಕಣ್ಣು ಕೆಂಪಾಗಿತ್ತು.

"ಆದೇಶ ಸಿಕ್ತಾ ಅಮ್ಮ? ಸಂತೋಷ ತಾನೇ?"

"ಸಂತೋಷ ಸರ್. ಆ ಹಾಳೆ ಇಲ್ಲ."

"ಹಳೇ ಕಾಗದ. ಹುಳ ತಿಂದಿರಬೇಕು."

"ಹುಳ ತಿಂದಿದ್ರೆ ಪುಡಿ ಉಳೀಬೇಕಿತ್ತು ಸರ್."

ಅವರು ಪಕ್ಕದ ಕಪಾಟಿನ ಹಿಡಿಯನ್ನು ಸುಮ್ಮನೆ ಒರೆಸಿದರು. "ಆರು ತಿಂಗಳು ಪ್ರೊಬೇಷನ್ ಇರುತ್ತೆ, ಓದಿದ್ರಲ್ಲ. ಅದು ಮುಗಿದ ಮೇಲೆ ನನ್ನ ಸಹಿ ಇನ್ನೊಂದು ಸಲ ಬೇಕಾಗುತ್ತೆ" ಎಂದು, ಬೆದರಿಸುವವರಂತಲ್ಲದೆ ಬೇಡಿಕೊಳ್ಳುವವರಂತೆ ಹೇಳಿ, ಮೆಟ್ಟಿಲು ಹತ್ತಿ ಹೋದರು. ಗೋಂದಕ್ಕನಿಗೆ ಅವರ ಮೇಲೆ ಕೋಪ ಬಂತು, ಕನಿಕರವೂ ಬಂತು. ಕನಿಕರ ಬಂದದ್ದಕ್ಕೆ ತನ್ನ ಮೇಲೆ ಮತ್ತಷ್ಟು ಕೋಪ ಬಂತು.

ಆದೇಶವನ್ನು ನಾಲ್ಕನೇ ಸಲ ಓದಿದಳು. ಎರಡನೇ ಪುಟದಲ್ಲಿ ಕಾಯಂ ನೌಕರರ ಕರ್ತವ್ಯಗಳಿದ್ದವು. ಭಂಡಾರದ ಯಾವುದೇ ಹಾಳೆ ಕಾಣೆಯಾದಲ್ಲಿ ಅದೇ ದಿನ ರಿಜಿಸ್ಟರಿನಲ್ಲಿ ದಾಖಲಿಸಿ, ಪ್ರತಿಯನ್ನು ಕೇಂದ್ರ ಕಚೇರಿಗೂ, ಹೊಸ ಗಿಡಗಳ ಹೆಸರು ಅಚ್ಚು ಮಾಡುವ ಪತ್ರಿಕೆಗೂ ಕಳಿಸತಕ್ಕದ್ದು. ಆ ರಿಜಿಸ್ಟರನ್ನು ಟೆಂಪರರಿಯವರು ಮುಟ್ಟುವ ಹಾಗಿರಲಿಲ್ಲ. ಮುಟ್ಟುವ ಅಧಿಕಾರವನ್ನು ನಿರ್ದೇಶಕರೇ ಎರಡು ರಾತ್ರಿ ಕೂತು ಬರೆದು, ಸಹಿ ಹಾಕಿ, ಅವಳ ಮೇಜಿನ ಮೇಲೆ ಇಟ್ಟುಹೋಗಿದ್ದರು.

ರಿಜಿಸ್ಟರನ್ನು ತಂದು ಧೂಳು ಕೊಡವಿದಳು. ಚೀಟಿ ಬರೆಯುವ ಅಭ್ಯಾಸದಿಂದ ಅಕ್ಷರಗಳು ದುಂಡಗೇ ಬಂದವು. ಗಿಡದ ಹೆಸರು: ಅಡುಗೆಯಾಕೆಯದು, ಪೂರ್ತಿಯಾಗಿ. ಮೊದಲು ಅಚ್ಚಾದದ್ದು: ಮೇಷ್ಟ್ರ ಪತ್ರಿಕೆ, ವರ್ಷ ಸಮೇತ. ಹಾಳೆ ಇದ್ದ ಜಾಗ ತಿಳಿದಿದ್ದವರು: ಮೊದಲು ತನ್ನನ್ನು ಬರೆದಳು, ಆಮೇಲೆ ಪದವೀಧರನನ್ನು, ಕೊನೆಗೆ ನಿರ್ದೇಶಕರನ್ನು ಬರೆದಳು. ಕೆಳಗೆ ಸಹಿ ಹಾಕಿದಳು. ಸಹಿಯ ಪಕ್ಕದಲ್ಲಿ ಹುದ್ದೆಯ ಕಾಲಂ ಇತ್ತು. ಅಲ್ಲಿ ಕಾಯಂ ಎಂದು ಬರೆದಳು. ಎಷ್ಟು ದಿನಕ್ಕೆ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ.